ಕೊಳಾಯಿ ಮೇಸ್ತ್ರಿಯ ಕಿಡ್ನಿ

ಮೊದಲೇ ಹೇಳಿಬಿಡುತ್ತೇನೆ: ನಾನು ಸೋತಿಲ್ಲ. ಈ ಕಥೆಯನ್ನು ನನ್ನ ಹೆಂಡತಿಯ ಬಾಯಲ್ಲೋ, ನನ್ನ ಅಣ್ಣನ ಬಾಯಲ್ಲೋ, ಎಲ್ಲಕ್ಕಿಂತ ಮುಖ್ಯವಾಗಿ ಆ ಟೇಪಣ್ಣನ ಬಾಯಲ್ಲೋ ಕೇಳಿದವರಿಗೆ ಬೇರೆ ಅಭಿಪ್ರಾಯ ಇರಬಹುದು. ಇರಲಿ. ನನಗೂ ಒಂದು ಬಾಯಿದೆ. (ಡಾಕ್ಟರಮ್ಮ ಕತ್ತರಿಸಿದ್ದು ಹೊಟ್ಟೆಯನ್ನು ಮಾತ್ರ.)

ನಾನು ಕೊಳಾಯಿ ಮೇಸ್ತ್ರಿ. ನಮ್ಮ ಬಡಾವಣೆಯ ಮುಕ್ಕಾಲುಪಾಲು ಬಚ್ಚಲುಮನೆಗಳಿಗೆ ನನ್ನ ಪರಿಚಯವಿದೆ, ಅದೂ ಹಿಂಭಾಗದಿಂದ. ಏಕೆಂದರೆ ಬೇಸಿನ್ನಿನ ಕೆಳಗೆ ತಲೆ ತೂರಿಸಿದ ಮೇಲೆ ನನ್ನ ಬಹುಪಾಲು ಹೊರಗೇ ಉಳಿಯುತ್ತಿತ್ತು. ಒಮ್ಮೆ ಒಬ್ಬ ವಕೀಲರ ಅಡಿಗೆಮನೆಯಲ್ಲಿ ಸಿಂಕಿನ ಅಡಿ ಸಿಕ್ಕಿಕೊಂಡೆ. ನನ್ನನ್ನು ಹೊರತೆಗೆಯಲು ಸಿಂಕನ್ನೇ ಬಿಚ್ಚಬೇಕಾಯಿತು. ಹೇಗೆ ಬಿಚ್ಚಬೇಕೆಂದು ಒಳಗಿನಿಂದ ವಕೀಲರಿಗೆ ಹೇಳಿಕೊಟ್ಟವನು ನಾನೇ. ಕೆಲಸ ಎಷ್ಟು ಅಚ್ಚುಕಟ್ಟಾಗಿ ಆಯಿತೆಂದರೆ ಒಂದು ಹನಿ ನೀರು ನೆಲಕ್ಕೆ ಬೀಳಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ಸಿಕ್ಕಿಕೊಂಡದ್ದನ್ನು ಮಾತ್ರ ಊರೆಲ್ಲ ಹೇಳುತ್ತಾರೆ.

ನನ್ನ ಕಸುಬಿನ ಧರ್ಮ ಒಂದೇ: ನಾನು ಹಾಕಿದ ಜೋಡಣೆ ಸೋರಬಾರದು. ನಮ್ಮ ಬೀದಿಯಲ್ಲಿ ಇನ್ನೊಬ್ಬ ಕೊಳಾಯಿಯವನಿದ್ದಾನೆ. ಏನೇ ಸೋರಲಿ, ಬಿರಿಯಲಿ, ಒಡೆಯಲಿ, ಅವನ ಚಿಕಿತ್ಸೆ ಬಿಳಿ ಟೇಪು ಸುತ್ತುವುದು. ಮುಂಗೈಗೆ ಟೇಪಿನ ಸುರುಳಿಗಳನ್ನು ಬಳೆಯ ಹಾಗೆ ಏರಿಸಿಕೊಂಡು ಓಡಾಡುತ್ತಾನೆ. ಅವನಿಗೆ ಟೇಪಣ್ಣ ಎಂದು ನಾಮಕರಣ ಮಾಡಿದವನು ನಾನೇ. ಟೇಪು ಸುತ್ತುವವನು ಮೇಸ್ತ್ರಿಯಲ್ಲ, ಬ್ಯಾಂಡೇಜು ಕಟ್ಟುವ ಕಾಂಪೌಂಡರು ಎಂದು ನಾಲ್ಕು ಜನರ ಮುಂದೆ ಹೇಳಿದ್ದೇನೆ. ಈಗಲೂ ಹೇಳುತ್ತೇನೆ. (ಸ್ವಲ್ಪ ಮೆಲ್ಲಗೆ.)

ಇಂಥ ನನ್ನೊಳಗೇ ಸೋರಿಕೆ ಶುರುವಾಗಿದೆ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಭಯವಾಗಲಿಲ್ಲ, ಅವಮಾನವಾಯಿತು. ಮೂತ್ರದಲ್ಲಿ ನೊರೆ ಬರುತ್ತಿದ್ದುದು ನಿಜ. ಅದನ್ನು ನಾನು ಕಕ್ಕಸ್ಸು ತೊಳೆಯುವ ಪುಡಿಯ ಮಹಿಮೆ ಎಂದುಕೊಂಡಿದ್ದೆ.

"ನಿಮ್ಮ ಕಿಡ್ನಿ ಇರೋದು ಒಬ್ಬ ಮನುಷ್ಯನಿಗೆ ಆಗೋವಷ್ಟು," ಎಂದರು ಡಾಕ್ಟರಮ್ಮ. "ನೀವು ಅದರ ಕೈಲಿ ಇಬ್ಬರ ಚಾಕರಿ ಮಾಡಿಸ್ತಾ ಇದೀರಿ. ಒತ್ತಡ ತಡೀಲಾರದೆ ಪ್ರೋಟೀನು ಸೋರ್ತಾ ಇದೆ. ಹೀಗೇ ಬಿಟ್ರೆ ಒಂದಿನ ಕೈಕೊಡುತ್ತೆ."

"ವಾಷರ್ ಬದಲಾಯಿಸಿದ್ರೆ?" ಎಂದೆ.

"ತೂಕ ಇಳಿಸ್ಬೇಕು," ಎಂದರು.

ಇಳಿಸದೆ ಏನು? ಪ್ರಯತ್ನಪಟ್ಟೆ. ನನ್ನವಳು ನನ್ನನ್ನು ಸೊಪ್ಪಿನ ಮೇಲೆ ಮೇಯಿಸಿದಳು, ಸೂಪಿನಲ್ಲಿ ತೇಲಿಸಿದಳು, ಬೆಳಗಾಗೆದ್ದು ಉದ್ಯಾನದ ಸುತ್ತ ಅಟ್ಟಿದಳು. ನಾನು ಇಳಿದೆ, ಹತ್ತಿದೆ, ಮತ್ತೆ ಇಳಿದೆ, ಇಳಿದದ್ದಕ್ಕಿಂತ ಹೆಚ್ಚು ಹತ್ತಿದೆ. ಕೊನೆಗೆ ಡಾಕ್ಟರಮ್ಮ ಆಪರೇಷನ್ನಿನ ಮಾತು ತೆಗೆದರು. ಹೊಟ್ಟೆಯನ್ನು ಚಿಕ್ಕದು ಮಾಡಿ, ಕರುಳಿನ ಒಂದಿಷ್ಟು ದಾರಿ ತಪ್ಪಿಸಿ, ಮುಂದಕ್ಕೆ ಜೋಡಿಸುತ್ತಾರಂತೆ. ಭಾರ ಇಳಿದರೆ ಕಿಡ್ನಿಯ ಮೇಲಿನ ಒತ್ತಡವೂ ಇಳಿಯುತ್ತದಂತೆ. ನನ್ನೊಳಗಿನ ಮೇಸ್ತ್ರಿ ಎದ್ದು ಕೂತ.

"ಜೋಡಣೆಗೆ ಏನು ಹಾಕ್ತೀರಿ?"

"ಸ್ಟೇಪಲ್ಲು, ಹೊಲಿಗೆ."

"ಟೇಪಲ್ಲವಲ್ಲ?"

"ಅಲ್ಲ."

"ಹಾಗಾದ್ರೆ ಯೋಚನೆ ಮಾಡ್ತೀನಿ."

ನಾನು ಒಪ್ಪಿದ್ದು ಡಾಕ್ಟರಮ್ಮನ ಮಾತಿಗೂ ಅಲ್ಲ, ಹೆಂಡತಿಯ ಕಣ್ಣೀರಿಗೂ ಅಲ್ಲ. ಅಣ್ಣನ ಕೈ ನೋಡಿ. ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಅಣ್ಣ, ಮೇಲೆ ನಾವು. ಅಣ್ಣ ಬೇಕರಿಯ ಒಲೆಯ ಮುಂದೆ ಬೆವರು ಸುರಿಸಿ, ಬಿಂದಿಗೆಗಟ್ಟಲೆ ನೀರು ಕುಡಿದು ಬದುಕಿದವನು. ಈಗ ಅವನ ಎರಡು ಕಿಡ್ನಿಗಳೂ ಕೆಲಸ ಬಿಟ್ಟಿವೆ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತಾನೆ. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿಲ್ಲ. ಸೂಜಿ ಚುಚ್ಚಲೆಂದು ಅವನ ಮುಂಗೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅದು ಹಗ್ಗದ ಹಾಗೆ ಉಬ್ಬಿಕೊಂಡಿದೆ. ಕಿವಿಯಿಟ್ಟರೆ ಒಳಗೆ ಹರಿಯುವ ಸದ್ದು ಕೇಳುತ್ತದೆ. ನಾನು ಕಿವಿಯಿಟ್ಟೆ.

"ಕೇಳಿಸ್ತಾ?" ಎಂದ ಅಣ್ಣ. "ನಂಗೂ ಒಂದು ಪೈಪು ಹಾಕಿದಾರೆ. ನಿಂಗೆ ಬೇಡಪ್ಪ."

ಮಾರನೆಯ ದಿನ ಹೋಗಿ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಬಂದೆ. ಯಾರ ಮಾತೂ ಕೇಳಿ ಅಲ್ಲ ಎಂಬುದನ್ನು ಮತ್ತೆ ಹೇಳುತ್ತೇನೆ.

ಆಪರೇಷನ್ ಸುಸೂತ್ರವಾಗಿ ಆಯಿತು. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ, ನೀರಿನಿಂದ.

ನೀರಿನ ವಿಷಯದಲ್ಲಿ ನಾನು ಮೊದಲಿಂದಲೂ ಸ್ವಾಭಿಮಾನಿ. ಕೆಲಸದ ಹೊತ್ತಿನಲ್ಲಿ ಒಂದು ಗುಟುಕೂ ಕುಡಿಯುವವನಲ್ಲ. ನೀವೇ ಯೋಚಿಸಿ, ಊರವರ ಕಕ್ಕಸ್ಸನ್ನು ಬಿಚ್ಚಿ ಅಂಗಳದಲ್ಲಿಟ್ಟು, ಮನೆಯ ನೀರನ್ನೆಲ್ಲ ಬಂದ್ ಮಾಡಿ ಕೂತವನು, ನಡುವೆ ಎದ್ದು "ಸ್ವಾಮಿ, ನನಗೆ ಅವಸರ" ಎಂದರೆ ಮರ್ಯಾದೆ ಇರುತ್ತದೆಯೇ? ಆದ್ದರಿಂದ ದಿನವಿಡೀ ಒಣಗಿ, ಸಂಜೆ ಮನೆಗೆ ಬಂದು, ತಲೆ ಹಿಂದಕ್ಕೆ ಚೆಲ್ಲಿ, ತುಟಿ ಸೋಕಿಸದೆ ಒಂದು ಚೊಂಬು ನೀರನ್ನು ಒಂದೇ ಧಾರೆಯಲ್ಲಿ ಇಳಿಸುವುದು ನನ್ನ ಪದ್ಧತಿ. ಕೊಳಾಯಿ ಮೇಸ್ತ್ರಿಗಳಲ್ಲಿ ನನ್ನಷ್ಟು ಉದ್ದದ ಧಾರೆ ಯಾರದೂ ಇರಲಿಲ್ಲ.

ಈಗ ಹೊಟ್ಟೆ ಮೊಟ್ಟೆಯಷ್ಟಾಗಿದೆ. ಧಾರೆ ಬಿಟ್ಟರೆ ಎದೆಯಲ್ಲೇ ನಿಂತು, ಬಂದ ದಾರಿಯಲ್ಲೇ ವಾಪಸು ಹೋಗುವುದಾಗಿ ಬೆದರಿಸುತ್ತದೆ. ಗುಟುಕು ಗುಟುಕಾಗಿ, ದಿನವಿಡೀ ಕುಡಿಯಬೇಕು. ಈ ಗುಟುಕಿನ ಖಾತೆಯನ್ನು ನನ್ನವಳು ವಹಿಸಿಕೊಂಡಳು. ಅವಳು ಶಿಶುವಿಹಾರದ ಟೀಚರು. ಮೂರು ವರ್ಷದ ಪುಂಡರನ್ನು ಪಳಗಿಸಿದ ಕೈ. ಅವಳ ಪ್ರಕಾರ ಅವರಿಗೂ ನನಗೂ ಇರುವ ವ್ಯತ್ಯಾಸವೆಂದರೆ, ಅವರು ಒಂದು ಸಲ ಹೇಳಿದರೆ ಕೇಳುತ್ತಾರೆ.

ಶಾಲೆಯಿಂದ ಮೊಲದ ಚಿತ್ರದ ಕೆಂಪು ಬಾಟಲಿ ಬಂತು. ಅಂಗೈಯಲ್ಲಿ ಕಳೆದುಹೋಗುವಷ್ಟು ಚಿಕ್ಕ ಬಟ್ಟಲು ಬಂತು. ಒಂದು ಗಂಟೆ ಬಂತು, ಬಾರಿಸುವ ಗಂಟೆ. ಬಾಟಲಿ ಖಾಲಿಯಾದರೆ ಅದಕ್ಕೊಂದು ಬಂಗಾರದ ಬಣ್ಣದ ನಕ್ಷತ್ರದ ಚೀಟಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಗಂಟೆ ಬಾರಿಸುತ್ತಿದ್ದಳು.

"ಗುಟುಕು!"

"ಬಾಯಾರಿಕೆ ಇಲ್ಲ."

"ಬಾಯಾರಿಕೆ ಕೇಳಿದ್ನಾ? ಗುಟುಕು ಅಂದೆ."

"ನಾನೇನು ನಿನ್ನ ಶಾಲೆ ಹುಡುಗನಾ?"

"ಅವರು ಚೆಲ್ಲದೆ ಕುಡೀತಾರೆ. ಅಂಗಿ ಒರೆಸ್ಕೊಳ್ಳಿ."

ಕೆಲವು ತಿಂಗಳು ಸಹಿಸಿದೆ. ತೂಕ ಇಳಿಯಿತು. ಬೇಸಿನ್ನಿನ ಕೆಳಗೆ ನಾನು ಪೂರ್ತಿ ಹಿಡಿಸತೊಡಗಿದೆ. ಬೆಲ್ಟಿಗೆ ಹೊಸ ತೂತು ಕೊರೆದು ಕೊರೆದು ಅದೊಂದು ಕೊಳಲಾಯಿತು. ತಪಾಸಣೆಗೆ ಹೋದಾಗ ಡಾಕ್ಟರಮ್ಮನ ಮುಖ ಅರಳಿತು.

"ಸೋರಿಕೆ ನಿಂತಿದೆ! ಬಿಪಿನೂ ಇಳಿದಿದೆ. ನಿಮ್ಮ ಕಿಡ್ನಿ ಈಗ ಉಸಿರಾಡ್ತಾ ಇದೆ. ಆದರೆ..."

ಈ 'ಆದರೆ'ಯ ಆಚೆಗೆ ನನಗೆ ಏನೂ ಕೇಳಿಸಲಿಲ್ಲ. ಗಿರಾಕಿಗಳ 'ಆದರೆ' ಕೇಳಿ ಕೇಳಿ ನನ್ನ ಕಿವಿ ಹಾಗೆ ಪಳಗಿದೆ. ಆಮೇಲೆ ನನ್ನವಳು ಒಪ್ಪಿಸಿದ ಪಾಠದ ಪ್ರಕಾರ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಆದರೆ ಈ ಆಪರೇಷನ್ ಆದವರಿಗೆ ಕಿಡ್ನೀಲಿ ಕಲ್ಲು ಕಟ್ಟೋ ಅಪಾಯ ಹೆಚ್ಚು. ನೀರು ಮಾತ್ರ ಬಿಡಬೇಡಿ." ನಾನು ಕೇಳಿಸಿಕೊಂಡದ್ದು 'ಸೋರಿಕೆ ನಿಂತಿದೆ' ಎಂಬುದನ್ನು. ಸೋರಿಕೆ ನಿಂತ ಮೇಲೆ ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೊರಡುತ್ತಾನೆ. ಮತ್ತೆ ಪೈಪಿನ ಮುಂದೆ ಗಂಟೆ ಬಾರಿಸುತ್ತ ಕೂರುವುದಿಲ್ಲ.

ವಿಚಿತ್ರ ನೋಡಿ, ಅದೇ ವಾರ ಒಬ್ಬರ ಗೀಸರು ಬಿಚ್ಚಿದರೆ ಒಳಗೆ ಮುಷ್ಟಿಗಾತ್ರದ ಸುಣ್ಣದ ಗಂಟು. "ನೀರು ಓಡದಿದ್ರೆ ಹೀಗೇ ಕಲ್ಲು ಕಟ್ಟೋದು," ಎಂದು ಮನೆಯೊಡತಿಗೆ ಉಪನ್ಯಾಸ ಕೊಟ್ಟೆ. ಆ ಗಂಟನ್ನು ಮನೆಗೆ ತಂದು ಗಾಜಿನ ಬೀರುವಿನಲ್ಲಿಟ್ಟು ನನ್ನವಳಿಗೂ ಪಾಠ ಮಾಡಿದೆ. ಪಾಠ ಮುಗಿಯುವ ಹೊತ್ತಿಗೆ ಅವಳು ಗಂಟೆ ಬಾರಿಸಿದಳು. ಅವತ್ತೇ ನಿರ್ಧರಿಸಿದೆ: ಸತ್ತರೂ ಸರಿ, ಇನ್ನು ಗಂಟೆಗೆ ನೀರು ಕುಡಿಯುವುದಿಲ್ಲ.

ಎದುರಾಎದುರು ಕಾದಾಡಿದರೆ ಗೆಲ್ಲುವವರು ಯಾರೆಂದು ನನಗೆ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲು ಕಿಟಕಿಯ ಬಳಿಯ ಹೂಕುಂಡಕ್ಕೆ ಬಗ್ಗಿಸಿದೆ. ಗಿಡ ಹಳದಿಯಾಗಿ, ಬುಡ ಕೊಳೆತು, ಒಂದು ದಿನ ಸದ್ದಿಲ್ಲದೆ ಮಗುಚಿ ಬಿತ್ತು. "ಯಾರೋ ಇದಕ್ಕೆ ಅತಿಯಾಗಿ ನೀರು ಹಾಕ್ತಾ ಇದಾರೆ," ಎಂದು ನನ್ನವಳು ನನ್ನ ಕಡೆಗೇ ನೋಡಿದಳು. ಆಗ ಕಸುಬು ನನ್ನ ಕೈಹಿಡಿಯಿತು.

ಅವಳು ಶಾಲೆಗೆ ಹೋದಾಗ ಕುರ್ಚಿಯ ತೋಳಿನ ಒಳಮೈಗೆ, ಪರದೆಯ ಮರೆಯಲ್ಲಿ, ಒಂದು ಲಾಳಿಕೆ ಕೂರಿಸಿದೆ. ಅದಕ್ಕೊಂದು ತೆಳುವಾದ ಕೊಳವೆ. ಕೊಳವೆ ಗೋಡೆಯ ಬುಡದಲ್ಲಿ ಸಾಗಿ, ಮೂಲೆಯ ಬೇಸಿನ್ನಿನ ಪೈಪಿಗೆ ಸೇರುತ್ತಿತ್ತು. ಬಟ್ಟಲನ್ನು ತುಟಿಗೆ ಮುಟ್ಟಿಸು, ಗಂಟಲು ಆಡಿಸು, ಅವಳು ತಿರುಗಿದೊಡನೆ ಕೈ ಇಳಿಬಿಡು. ನೀರು ಸದ್ದಿಲ್ಲದೆ ನದಿಯ ಕಡೆಗೆ ಪ್ರಯಾಣ ಹೊರಡುತ್ತಿತ್ತು. ನನ್ನ ಜೀವಮಾನದ ಅತ್ಯಂತ ನಯವಾದ ಕೆಲಸ ಅದು. ಯಾರಿಗೂ ತೋರಿಸುವ ಹಾಗಿರಲಿಲ್ಲ ಎಂಬುದೊಂದೇ ಕೊರಗು. (ಒಂದು ಜೋಡಣೆಗೆ ಮಾತ್ರ ಅಂಟು ಹಾಕಲಾಗಲಿಲ್ಲ, ಅವಳು ಬರುವ ಹೊತ್ತಾಗಿತ್ತು, ವಾಸನೆ ಬಂದು ಸಿಕ್ಕಿಬೀಳುತ್ತಿದ್ದೆ. ಅಲ್ಲಿ ತಾತ್ಕಾಲಿಕವಾಗಿ ಏನೋ ಒಂದು ಸುತ್ತಿದೆ. ಏನೆಂದು ಆಮೇಲೆ ಹೇಳುತ್ತೇನೆ.)

ಬಾಟಲಿ ಖಾಲಿಯಾಗುತ್ತಿತ್ತು. ನಕ್ಷತ್ರದ ಮೇಲೆ ನಕ್ಷತ್ರ ಬೀಳುತ್ತಿತ್ತು. "ನೋಡಿ, ಮನಸ್ಸು ಮಾಡಿದ್ರೆ ನಿಮಗೂ ಬರುತ್ತೆ," ಎಂದು ನನ್ನವಳು ನನ್ನ ತಲೆ ಸವರಿದಳು. ನನ್ನ ಎದೆ ವಿಜಯದಿಂದ ಉಬ್ಬಿತು. ಬಾಯಿ ಮಾತ್ರ ಒಣಗಿತ್ತು.

ಹೀಗೆ ಸುಖವಾಗಿರುವಾಗ ಒಂದು ಬೆಳಿಗ್ಗೆ ಕೆಳಗಿನಿಂದ ಅಣ್ಣನ ಕೂಗು ಕೇಳಿಸಿತು. "ಲೋ! ನಿನ್ನ ಮನೆ ಸೋರ್ತಾ ಇದೆ!"

"ನಾನು ಕುಡೀತಾ ಇದೀನಿ!" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಇಳಿದು ಹೋಗಿ ನೋಡಿದೆ. ಅಣ್ಣನ ಮಂಚದ ನೇರ ಮೇಲೆ, ಚಾವಣಿಯಲ್ಲಿ ಒಂದು ಒದ್ದೆ ಮಚ್ಚೆ. ಅದರ ನಡುವಿನಿಂದ ಒಂದು ಹನಿ ಧ್ಯಾನ ಮಾಡಿ ಮಾಡಿ ಕೊನೆಗೆ ದಿಂಬಿನ ಮೇಲೆ ಬಿತ್ತು. ನಾನು ಗಂಭೀರವಾಗಿ ಕತ್ತೆತ್ತಿ, "ಇದು ವಾಯುಮಂಡಲದ ಆರ್ದ್ರತೆಯ ಘನೀಭವನ," ಎಂದೆ.

"ಬೇಕರಿಯವನಿಗೆ ಹಬೆ ಪಾಠ ಹೇಳ್ಬೇಡ. ಇದು ನೀರು."

"ನಾನು ಹಾಕಿದ ಪೈಪು ಸೋರಲ್ಲ!"

"ಹಾಗಾದ್ರೆ ಟೇಪಣ್ಣನ್ನ ಕರೀತೀನಿ."

"ಕರಿ! ನಾಳೇನೇ ಕರಿ! ಅವನಪ್ಪನ್ನೂ ಕರಿ!"

ಕರೆದೇಬಿಟ್ಟ. ಮಾರನೆಯ ದಿನ ಭಾನುವಾರ. ಬೆಳಗಿನಿಂದ ನನ್ನ ಎಡಪಕ್ಕೆಯಲ್ಲಿ ಏನೋ ಚುಚ್ಚುತ್ತಿತ್ತು. ಹೇಳಿದರೆ ಸುಮ್ಮನೆ ಗದ್ದಲ ಎಂದು ನುಂಗಿಕೊಂಡಿದ್ದೆ. ಟೇಪಣ್ಣ ಬಳೆ ಝಳಪಿಸುತ್ತ ಮೇಲೆ ಬಂದ. ಅಣ್ಣನೂ ಹಿಂದೆಯೇ ಮೆಟ್ಟಿಲು ಹತ್ತಿದ. ನಾನು ನನ್ನ ಕುರ್ಚಿಯಲ್ಲಿ, ಪರದೆಗೆ ಬೆನ್ನು ಕೊಟ್ಟು, ಕೋಟೆ ಕಾಯುವ ದಳಪತಿಯಂತೆ ಕೂತಿದ್ದೆ. ಟೇಪಣ್ಣ ಗೋಡೆ ತಟ್ಟಿದ, ನೆಲಕ್ಕೆ ಕಿವಿಯಿಟ್ಟ, ಮೂಗಿನಿಂದ ಮೂಸಿದ. ಕೊನೆಗೆ ನನ್ನ ಮುಂದೆ ನಿಂತ.

"ಮೇಸ್ತ್ರಿಗಳೇ, ಒಂಚೂರು ಏಳ್ತೀರಾ?"

"ಏಳಲ್ಲ. ಆಪರೇಷನ್ ಆದವನು ನಾನು."

"ಆಪರೇಷನ್ ಆಗಿ ವರ್ಷದ ಮೇಲಾಯ್ತು," ಎಂದಳು ನನ್ನವಳು. "ಏಳ್ರೀ."

"ಏಳಲ್ಲ! ಇದು ನನ್ನ ಮನೆ, ನನ್ನ ಕುರ್ಚಿ, ನನ್ನ..."

ಮುಂದಿನ ಪದ ಇವತ್ತಿಗೂ ನನ್ನೊಳಗೇ ಇದೆ. ಏಕೆಂದರೆ ಆ ಕ್ಷಣಕ್ಕೆ ಪಕ್ಕೆಯೊಳಗೆ ಯಾರೋ ಪೈಪು ಸ್ಪ್ಯಾನರು ಸಿಕ್ಕಿಸಿ ತಿರುವಿದಂತಾಯಿತು, ಅದೂ ಉಲ್ಟಾ ದಿಕ್ಕಿಗೆ. ಲೋಕದಲ್ಲಿ ಇಂಥ ನೋವಿದೆ ಎಂದು ನನಗೆ ಗೊತ್ತಿರಲಿಲ್ಲ. ಪರದೆ ಹಿಡಿದುಕೊಂಡೆ, ಪರದೆ ನನ್ನ ಜೊತೆಗೇ ಬಂತು, ಕುರ್ಚಿ ಮಗುಚಿತು. ನಾನು ನೆಲದ ಮೇಲೆ ನಾಲ್ಕು ಕಾಲಾಗಿ ನಿಂತೆ.

"ಏನಾಯ್ತು!" ಎಂದು ನನ್ನವಳು ಕಿರುಚಿದಳು.

"ಏನಿಲ್ಲ. ಗ್ಯಾಸು."

ಆದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ನನ್ನ ಕಲಾಕೃತಿ ಬಟಾಬಯಲಾಗಿತ್ತು. ಲಾಳಿಕೆ, ಕೊಳವೆ, ನಡುವೆ ಆ ಒಂದು ಜೋಡಣೆ, ಅದರಿಂದ ತೊಟ್ಟಿಕ್ಕುತ್ತಿರುವ ಹನಿ.

"ನನ್ನ ಎಣ್ಣೆ ಲಾಳಿಕೆ!" ಎಂದಳು ನನ್ನವಳು. ಅದನ್ನು ಅವಳು ತಿಂಗಳುಗಟ್ಟಲೆ ಹುಡುಕಿದ್ದಳು. ಲಾಳಿಕೆಯಿಂದ ಅವಳ ಕಣ್ಣು ಬಟ್ಟಲಿಗೆ ಹೋಯಿತು, ಬಟ್ಟಲಿಂದ ಬಾಟಲಿಗೆ, ಬಾಟಲಿಯ ಮೇಲಿನ ನಕ್ಷತ್ರಗಳಿಗೆ, ಅಲ್ಲಿಂದ ನನಗೆ. ಶಿಶುವಿಹಾರದ ಮಕ್ಕಳು ಯಾಕೆ ಒಂದೇ ಸಲಕ್ಕೆ ಮಾತು ಕೇಳುತ್ತಾರೆಂದು ನನಗೆ ಆಗ ಅರ್ಥವಾಯಿತು.

ಟೇಪಣ್ಣ ಕುಕ್ಕರಗಾಲಲ್ಲಿ ಕೂತು ಜೋಡಣೆಯನ್ನು ಪರೀಕ್ಷಿಸಿದ. ಬಿಳಿ ಟೇಪಿನ ತುದಿಯನ್ನು ಉಗುರಿನಿಂದ ಎತ್ತಿದ. (ಹೌದು. ಟೇಪೇ. ಈಗ ಹೇಳಿದ್ದೇನಲ್ಲ, ಬಿಡಿ.)

"ಇದು ನನ್ನ ಕೆಲಸ ಅಲ್ಲ," ಎಂದ ಅವನು ಬಹಳ ಮೃದುವಾಗಿ. "ನಾನಾಗಿದ್ರೆ ಇನ್ನೆರಡು ಸುತ್ತು ಹಾಕ್ತಿದ್ದೆ."

ನನ್ನನ್ನು ಆಸ್ಪತ್ರೆಗೆ ಸಾಗಿಸಿದ್ದು ಅವನ ಸಾಮಾನಿನ ವ್ಯಾನಿನಲ್ಲೇ, ಪೈಪುಗಳ ನಡುವೆ ಮಲಗಿಸಿ. ದಾರಿಯುದ್ದಕ್ಕೂ ಟೇಪಿನ ಸುರುಳಿಗಳು ಉರುಳಿ ಬಂದು ನನ್ನ ಕೆನ್ನೆಗೆ ಮುತ್ತಿಡುತ್ತಿದ್ದವು.

ಕಲ್ಲು. ಕಿಡ್ನಿಯಿಂದ ಇಳಿಯುವ ದಾರಿಗೆ ಅಡ್ಡ ಕೂತಿತ್ತು. ಹಿಂದೆ ನೀರು ಕಟ್ಟಿಕೊಂಡು ಕಿಡ್ನಿ ಊದಿತ್ತು. "ಇನ್ನೂ ತಡ ಮಾಡಿದ್ರೆ ಅಷ್ಟು ಕಷ್ಟಪಟ್ಟು ಉಳಿಸಿದ ಕಿಡ್ನಿನ ಕಳ್ಕೊಳ್ತಿದ್ರಿ," ಎಂದ ಡಾಕ್ಟರಮ್ಮನ ದನಿಯಲ್ಲಿ ಈ ಸಲ 'ಆದರೆ' ಇರಲಿಲ್ಲ. ಹಾಗಾಗಿ ಪೂರ್ತಿ ಕೇಳಿಸಿತು. "ನೀರು ಸರಿಯಾಗಿ ಕುಡೀತಿದ್ರಾ?"

"ಕುಡಿದಿದೆ ಡಾಕ್ಟ್ರೇ," ಎಂದಳು ನನ್ನವಳು. "ನಮ್ಮ ಬೇಸಿನ್ ಪೈಪು. ಅದಕ್ಕೆ ಒಂದು ಕಲ್ಲೂ ಆಗಿಲ್ಲ."

ಕಲ್ಲು ತೆಗೆದರು. ವಾಸಿಯಾಗುವ ತನಕ ಇರಲಿ ಎಂದು ಒಳಗೊಂದು ಸಣ್ಣ ಕೊಳವೆ ಇಟ್ಟರು. ನನ್ನೊಳಗೆ ಪೈಪು ಹಾಕಿದರು ಸ್ವಾಮಿ, ಅಳತೆ ಏನೆಂದು ನನ್ನನ್ನು ಒಂದು ಮಾತೂ ಕೇಳದೆ. ಹಾಸಿಗೆಯಲ್ಲಿ ಮಲಗಿದ್ದಾಗ ಅಣ್ಣನ ಮಾತು ನೆನಪಾಗುತ್ತಿತ್ತು. ನಿಂಗೆ ಬೇಡಪ್ಪ ಎಂದಿದ್ದ.

ಮನೆಗೆ ಬಂದ ದಿನ ಅಣ್ಣ ಕಂಬಿ ಹಿಡಿದು, ನಿಂತು ನಿಂತು ಮೆಟ್ಟಿಲು ಹತ್ತಿ ಬಂದ. ಎದುರು ಕುರ್ಚಿಯಲ್ಲಿ ಕೂತು ಏದುಸಿರು ಇಳಿಯುವ ತನಕ ಮೊಲದ ಬಾಟಲಿಯನ್ನೇ ನೋಡಿದ. ಬೈಯುತ್ತಾನೆಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ.

"ಮೊದಲನೇ ಹನಿ ನನ್ನ ತುಟಿ ಮೇಲೆ ಬಿತ್ತು," ಎಂದ. "ನಿದ್ದೆಗಣ್ಣಲ್ಲಿದ್ದೆ. ನೆಕ್ಕಿಬಿಟ್ಟೆ. ತಂಪಾಗಿತ್ತು. ಆಮೇಲೆ ಹೆದರಿಕೆಯಾಗಿ, ಇದನ್ನೂ ಇವತ್ತಿನ ಎರಡು ಲೋಟದಲ್ಲಿ ಕಳೀಬೇಕಾ ಅಂತ ನರ್ಸಮ್ಮನ್ನ ಕೇಳ್ದೆ. ಅವಳು ನಕ್ಕಳು."

ನಾನು ಮೊಲದ ಬಾಟಲಿಯನ್ನು ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಸರಿಸಿದೆ.

"ನಿನ್ನ ನೀರು ಅಂತ ಗೊತ್ತಿರ್ಲಿಲ್ಲ ಕಣೋ," ಎಂದ ಅಣ್ಣ. "ನಂಗೆ ಕುಡಿ ಅನ್ನೋವರೇ ಇಲ್ಲ. ನಿಂಗೆ ಗಂಟೆ ಬಾರಿಸಿ ಕುಡಿಸ್ತಾರೆ. ನೀನು ಅದನ್ನ ಚೆಲ್ಲಿದೆ."

ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ, ನಾಚಿಕೆಯೇ ಆಯಿತು. ಕಣ್ಣು ತುಂಬಿ ಬಂತು. "ಅದನ್ನೂ ಚೆಲ್ಲಬೇಡಿ, ಮೈಯಲ್ಲಿ ಇರೋದೇ ಅಷ್ಟು," ಎಂದು ನನ್ನವಳು ಬಟ್ಟಲು ತುಂಬಿ ನನ್ನ ಕೈಗಿಟ್ಟಳು. ಗಂಟೆಯನ್ನು ಅಣ್ಣನ ಕೈಗಿಟ್ಟಳು.

ಅಂದಿನಿಂದ ಹೀಗೇ ನಡೆದಿದೆ. ಡಯಾಲಿಸಿಸ್ ಇಲ್ಲದ ದಿನ ಅಣ್ಣ ಎದುರಿಗೆ ಕೂತು ಗಂಟೆ ಬಾರಿಸುತ್ತಾನೆ. ನನ್ನ ಬಟ್ಟಲು ತುಟಿಗೆ ಹೋಗುವ ತನಕ ಅವನ ಕಣ್ಣು ಬಟ್ಟಲಿನ ಜೊತೆ ಪ್ರಯಾಣ ಮಾಡುತ್ತದೆ, ನಾನು ನುಂಗಿದರೆ ಅವನ ಗಂಟಲೂ ಆಡುತ್ತದೆ. ಅಂಥ ಕಣ್ಣಿನ ಮುಂದೆ ಒಂದು ತೊಟ್ಟು ಚೆಲ್ಲಲು ಯಾವ ಮೇಸ್ತ್ರಿಯ ಕೈಲೂ ಆಗದು. ಅವನಿದ್ದ ದಿನ ನಾನು ಅಂಗಿಯ ಮೇಲೂ ಚೆಲ್ಲಿಕೊಳ್ಳುವುದಿಲ್ಲ. ಈಚೆಗೆ ಕೆಲಸಕ್ಕೆ ಹೋದಲ್ಲಿ ಕಕ್ಕಸ್ಸು ಬಿಚ್ಚುವ ಮೊದಲೇ "ಸ್ವಾಮಿ, ಒಂದು ನಿಮಿಷ" ಎಂದು ಕೇಳಿ ಹೋಗಿಬರುತ್ತೇನೆ. ಮರ್ಯಾದೆ ಹೋಗುವುದಿಲ್ಲ ಎಂದು ಗೊತ್ತಾಯಿತು.

ಹಾಗೆಂದು ನಾನು ಶರಣಾದೆ ಎಂದು ಯಾರೂ ತಿಳಿಯಬಾರದು. ಹೆಂಡತಿ ಹೇಳಿದಳೆಂದು ಕುಡಿಯುವುದಿಲ್ಲ, ಡಾಕ್ಟರಮ್ಮ ಹೇಳಿದರೆಂದು ಕುಡಿಯುವುದಿಲ್ಲ. ನನಗೆ ಬಾಯಾರಿಕೆಯಾಗುತ್ತದೆ, ಕುಡಿಯುತ್ತೇನೆ. ಅದು ಸರಿಯಾಗಿ ಗಂಟೆ ಬಾರಿಸಿದಾಗಲೇ ಆಗುತ್ತದೆ, ಅದಕ್ಕೆ ನಾನೇನು ಮಾಡಲಿ? ಗಾಜಿನ ಬೀರುವಿನಲ್ಲಿ ಗೀಸರಿನ ಗಂಟಿನ ಪಕ್ಕ ನನ್ನ ಕಲ್ಲನ್ನೂ ಇಟ್ಟಿದ್ದಾಳೆ. ಇಡಲಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿಲ್ಲ.

ನಿನ್ನೆ ಮಾತ್ರ ಮನೆಯಲ್ಲಿ ಸ್ವಲ್ಪ ಜಗಳವಾಯಿತು. ಬಾಟಲಿ ಖಾಲಿ ಮಾಡಿ ಸಂಜೆಯವರೆಗೆ ಕಾದೆ, ಅವಳು ನಕ್ಷತ್ರ ಅಂಟಿಸುವುದನ್ನು ಮರೆತಿದ್ದಳು. ನಾಳೆ ಅಂಟಿಸ್ತೀನಿ ಬಿಡಿ ಎಂದಳು.

"ನಾಳೆಯದು ನಾಳೆಗೆ! ಇವತ್ತಿಂದು ಇವತ್ತೇ ಬೇಕು!" ಎಂದು ನಾನು ಹಟ ಹಿಡಿದು ಇಸಿದುಕೊಂಡೆ. ಅಂಟು ಸರಿಯಿಲ್ಲದೆ ಅದು ಮತ್ತೆ ಮತ್ತೆ ಉದುರುತ್ತಿತ್ತು. ಆದ್ದರಿಂದ ಟೇಪಣ್ಣನ ಮನೆಗೆ ಹೋಗಿ ಒಂದು ಸುರುಳಿ ತಂದು, ಬಾಟಲಿಗೆ ಭದ್ರವಾಗಿ ಸುತ್ತಿಟ್ಟಿದ್ದೇನೆ. ಎರಡು ಸುತ್ತು ಹೆಚ್ಚಿಗೇ.